ಮೂರನೇ ಸಿಲಿಂಡರಿನ ಉಸಿರು

‘ಸಾಹೇಬ್, ಬೋರಿಂಗ್ ಕರಾವ ಲಾಗೇಲ್’ ಎಂದ ಗ್ಯಾರೇಜಿನವನು, ಬಾನೆಟ್ ಪೂರ್ತಿ ಎತ್ತುವ ಮೊದಲೇ. ಎಂಜಿನ್ ಇಳಿಸಬೇಕು, ಪಿಸ್ಟನ್, ರಿಂಗು ಹೊಸದು ಹಾಕಬೇಕು, ಮೂವತ್ತು ಸಾವಿರದ ಸುತ್ತಮುತ್ತ ಆಗುತ್ತದೆ. ಅಷ್ಟು ದುಡ್ಡು ಈ ಗಾಡಿಗೆ ಹಾಕುವ ಬದಲು ಗುಜರಿಗೆ ಕೊಡಿ ಎಂಬ ಸಲಹೆಯೂ ಪುಕ್ಕಟೆಯಾಗಿ ಸಿಕ್ಕಿತು.

ಗಾಡಿ 1997ರ ಮಾರುತಿ 800. ಅಪ್ಪ ಮಾಸ್ತರಿಕೆಯ ಸಂಬಳದಲ್ಲಿ ಕೊಂಡದ್ದು. ಧಾರವಾಡದಲ್ಲಿ ಅವರ ಕೈಯಲ್ಲಿ ಒಂದು ದಿನವೂ ಕೈಕೊಟ್ಟದ್ದಿಲ್ಲ. ಕಣ್ಣಿನ ಪೊರೆ ಬಂದ ಮೇಲೆ ಕೀಲಿಕೈ ನನಗೆ ಕೊಟ್ಟರು, ನಾನು ಪುಣೆಗೆ ತಂದೆ. ಈಗಲೂ ಫೋನಿನಲ್ಲಿ ಮೊಮ್ಮಕ್ಕಳ ನಂತರ ಕೇಳುವುದು ‘ಗಾಡಿ ಹ್ಯಾಂಗದ?’ ಎಂದೇ. ದಸರೆಗೆ ಬರುವವರಿದ್ದರು. ಗುಜರಿಯ ಮಾತು ಹೇಗೆ ಹೇಳುವುದು?

ತೊಂದರೆ ವಿಚಿತ್ರವಾಗಿತ್ತು. ಬೆಳಿಗ್ಗೆ ತಣ್ಣಗಿರುವಾಗ ಚೋಕ್ ಎಳೆದರೆ ಹೇಗೋ ಶುರುವಾಗುತ್ತಿತ್ತು. ಅರ್ಧ ಗಂಟೆ ಓಡಿಸಿ ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿದರೆ ಮುಗಿಯಿತು. ಸ್ಟಾರ್ಟರ್ ತಿರುಗಿಯೇ ತಿರುಗಬೇಕು, ಕೊನೆಗೆ ಮಲೇರಿಯಾ ಬಂದವರ ಹಾಗೆ ನಡುಗುತ್ತ ಹೊತ್ತಿಕೊಳ್ಳುತ್ತಿತ್ತು. ಅಪ್ಪನಿಗೆ ಫೋನು ಮಾಡಿ, ಬಾನೆಟ್ ಹತ್ತಿರ ಹಿಡಿದು ಸೆಲ್ಫ್ ಹೊಡೆದೆ. ‘ಒಂದು ಕಾಲು ಕುಂಟಲಿಕತ್ತದ. ಕೇಳ್ಸಂಗಿಲ್ಲೇನು?’ ಎಂದರು. ಗಮನಿಸಿದರೆ ಹೌದು. ಊಂ, ಊಂ, ನಂತರ ಒಂದು ಸಡಿಲ. ಎಲ್ಲ ಸಿಲಿಂಡರೂ ಸರಿಯಿದ್ದರೆ ಸ್ಟಾರ್ಟರಿನ ಲಯ ಸಮವಾಗಿರಬೇಕು. ಎಲ್ಲಿ ಗಾಳಿ ಒತ್ತಲ್ಪಡುವುದಿಲ್ಲವೋ ಅಲ್ಲಿ ಮೋಟಾರು ಹಗುರಾಗಿ ಓಡಿಬಿಡುತ್ತದೆ.

ನಾನು ಸಾಫ್ಟ್‌ವೇರಿನವನು, ದೋಷ ಹುಡುಕುವುದೇ ಹೊಟ್ಟೆಪಾಡು. ಅಲ್ಲಿ ಕಲಿತ ಒಂದೇ ಪಾಠ, ಬಿಚ್ಚುವ ಮೊದಲು ಅಳೆಯಬೇಕು. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ ಹತ್ತಕ್ಕಿಂತ ಕೆಳಗಿಳಿಯಲಿಲ್ಲ. ಪ್ಲಗ್ ಬಿಚ್ಚಿ ಎಂಜಿನ್ ಮೈಗೆ ತಾಗಿಸಿ ನೋಡಿದರೆ ನೀಲಿ ಕಿಡಿ, ಮೂರಕ್ಕೂ. (ಇದನ್ನು ಮಾಡುವಾಗ ಸುತ್ತಮುತ್ತ ಪೆಟ್ರೋಲಿನ ವಾಸನೆ ಇರಕೂಡದು.) ಪ್ಲಗ್ಗಿನ ತುದಿ ಒದ್ದೆಯಾಗಿತ್ತು, ಅಂದರೆ ಪೆಟ್ರೋಲೂ ಬರುತ್ತಿದೆ. ಕರೆಂಟು, ಕಿಡಿ, ಎಣ್ಣೆ ಮೂರೂ ಇದ್ದ ಮೇಲೆ ಉಳಿದದ್ದು ಒತ್ತಡ.

ಕಂಪ್ರೆಷನ್ ಗೇಜ್ ಸಾವಿರ ರೂಪಾಯಿಯೊಳಗೇ ಸಿಕ್ಕಿತು. ಅಳೆಯುವ ಕ್ರಮ ಮುಖ್ಯ. ಎಂಜಿನ್ ಬಿಸಿಯಾಗಿರಬೇಕು. ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ಲಿನ ವೈರು ಕಳಚಿ, ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿಯಬೇಕು. ಹೀಗೆ ಒತ್ತದಿದ್ದರೆ ಕಾರ್ಬುರೇಟರಿನ ಬಾಯಿ ಮುಚ್ಚಿರುತ್ತದೆ, ಗಾಳಿಯೇ ಒಳಬರದೆ ಸುಳ್ಳು ಲೆಕ್ಕ ಸಿಗುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ತಪ್ಪುವುದು ಇಲ್ಲಿಯೇ ಎಂದು ನನ್ನ ಗುಮಾನಿ. ಹೆಂಡತಿ ಸೀಟಿನಲ್ಲಿ ಕೂತು ಪೆಡಲ್ ಒತ್ತಿದಳು, ನಾನು ಮುಳ್ಳು ನೋಡಿದೆ. ಒಂದನೇ ಸಿಲಿಂಡರು 165 ಪಿಎಸ್‌ಐ. ಎರಡನೆಯದು 120. ಮೂರನೆಯದು 70.

ಇಲ್ಲಿ ನಾನೂ ಗ್ಯಾರೇಜಿನವನ ಮಾತಿಗೆ ಅರ್ಧ ಸೋತೆ. ಆದರೆ ಒತ್ತಡ ಸೋರುವ ದಾರಿ ಒಂದೇ ಅಲ್ಲ. ರಿಂಗಿನ ಪಕ್ಕದಿಂದ ಕೆಳಗೆ, ವಾಲ್ವಿನಿಂದ ಮೇಲೆ, ಹೆಡ್ ಗ್ಯಾಸ್ಕೆಟ್ಟಿನಿಂದ ಅಡ್ಡಕ್ಕೆ. ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದರೆ, ಎಣ್ಣೆ ರಿಂಗಿನ ಸಂದನ್ನು ಕ್ಷಣಹೊತ್ತು ಮುಚ್ಚುತ್ತದೆ. ರಿಂಗು ಸವೆದಿದ್ದರೆ ಮುಳ್ಳು ಜಿಗಿಯಬೇಕು. ನನ್ನದು 70ರಿಂದ 75ಕ್ಕೆ ಹೋಯಿತು, ಅಷ್ಟೇ. ರಿಂಗು ಆರೋಪಮುಕ್ತ. ಬೋರಿಂಗಿನ ಮೂವತ್ತು ಸಾವಿರ ಒಂದು ಚಮಚ ಎಣ್ಣೆಯಲ್ಲಿ ಉಳಿಯಿತು.

ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬಿದ್ದರೆ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಬರಬೇಕು. ಸೊಸೈಟಿಯ ಗೇಟಿನೆದುರು ಪಂಕ್ಚರ್ ಅಂಗಡಿಯ ಹುಡುಗನಿಂದ ಕಂಪ್ರೆಸರಿನ ಪೈಪು ತಂದೆ. ಮೂರನೇ ಪಿಸ್ಟನ್ನನ್ನು ಒತ್ತಡದ ಹಂತದ ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಗಾಡಿ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟೆವು. ಪಕ್ಕದ ಪ್ಲಗ್ಗಿನ ತೂತಿನಲ್ಲಿ ಸದ್ದಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲ. ಕಾರ್ಬುರೇಟರ್ ಮೌನ. ಹುಡುಗ ಹಿಂದೆ ಹೋಗಿ ಸೈಲೆನ್ಸರಿಗೆ ಕಿವಿಯಿಟ್ಟು ನಕ್ಕ. ಅಲ್ಲಿ ಬುಸ್ಸೆನ್ನುತ್ತಿತ್ತು.

ಎಕ್ಸಾಸ್ಟ್ ವಾಲ್ವ್. ಮೇಲಿನ ಕವರು ಬಿಚ್ಚಿ ಟ್ಯಾಪೆಟ್ ಸಂದು ನೋಡಿದರೆ ಮೂರನೆಯದರಲ್ಲಿ ಅತಿ ತೆಳುವಾದ ಫೀಲರ್ ಗೇಜೂ ತೂರಲಿಲ್ಲ. ಎರಡನೆಯದರಲ್ಲಿ ಹೆಸರಿಗಷ್ಟೇ ಸಂದು. ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದವಾಗುತ್ತದೆ. ಅದಕ್ಕೆಂದೇ ಬಿಡುವ ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಕೂರುವುದೇ ಇಲ್ಲ. ಬಿಸಿಯಲ್ಲೇ ಹಟ ಮಾಡುತ್ತಿದ್ದುದರ ಗುಟ್ಟು ಇದು.

ಸಂದು ಹೇಗೆ ಹೋಯಿತು? ಅಪರಾಧಿ ನಾನೇ. ಪುಣೆಗೆ ಬಂದ ಹೊಸತರಲ್ಲಿ ದುಡ್ಡು ಉಳಿಸಲು ಸಿಎನ್‌ಜಿ ಕಿಟ್ ಹಾಕಿಸಿದ್ದೆ. ಗ್ಯಾಸ್ ಒಣ ಇಂಧನ. ವಾಲ್ವ್ ಬಂದು ಕೂರುವ ಸೀಟು ಅದರಲ್ಲಿ ಬೇಗ ಸವೆಯುತ್ತದೆ. ಸೀಟು ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿದು ಸಂದನ್ನು ನುಂಗುತ್ತದೆ. ಮಾಮೂಲಿ ಸವಕಳಿಯಲ್ಲಿ ಟ್ಯಾಪೆಟ್ ಸಡಿಲಾಗಿ ಟಕಟಕ ಎನ್ನುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಇದು ಉಲ್ಟಾ. ಸದ್ದೇ ಇರುವುದಿಲ್ಲ. ‘ಎಂಜಿನ್ ಎಷ್ಟು ಮೆತ್ತಗದ’ ಎಂದು ನಾನು ಹಿಗ್ಗಿದ್ದೂ ಉಂಟು.

ಈ ಎಂಜಿನ್ನಿನಲ್ಲಿ ಸ್ಕ್ರೂ ತಿರುಗಿಸಿ ಸಂದು ಕೂಡಿಸಬಹುದು. ಭಾನುವಾರ ಮಧ್ಯಾಹ್ನ ಆರೂ ವಾಲ್ವ್ ಕೂಡಿಸಿ, ಗಾಡಿ ಬಿಸಿ ಮಾಡಿ ಅಳೆದೆ. 165, 155, 135. ಮೂರನೆಯದು ಪೂರ್ತಿ ಮರಳಿಲ್ಲ, ವಾಲ್ವಿನ ಅಂಚು ಒಂದಿಷ್ಟು ಸುಟ್ಟಿರಬೇಕು. ಐದು ಸಾವಿರ ಕಿಲೋಮೀಟರಿಗೆ ಮತ್ತೆ ಸಂದು ನೋಡುತ್ತೇನೆ. ಮುಚ್ಚುತ್ತಿದ್ದರೆ ಹೆಡ್ ಇಳಿಸಿ ವಾಲ್ವ್, ಸೀಟು ಹೊಸದು ಹಾಕಿಸುವುದು, ಅದಕ್ಕೆ ಬೋರಿಂಗಿನ ಅರ್ಧವೂ ಆಗದು. ಕಿಟ್ ತೆಗೆಸಿದೆ. ಆರ್‌ಸಿಯಲ್ಲಿ ಅದನ್ನು ಹೊಡೆದುಹಾಕಿಸಲು ಆರ್‌ಟಿಒ ಅಲೆದಾಟ ಇನ್ನೂ ಬಾಕಿ.

ಅಪ್ಪ ಬಂದರು. ಶಿವಾಜಿನಗರ ಸ್ಟೇಷನ್ನಿನಿಂದ ಮನೆಗೆ ಬರುತ್ತ ಸಿಗ್ನಲ್ಲಿನಲ್ಲಿ ಬೇಕೆಂದೇ ಆಫ್ ಮಾಡಿ ಶುರು ಮಾಡಿದೆ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು, ‘ಗ್ಯಾಸ್ ಹಾಕಿಸಿದ್ದು ನನಗ ಹೇಳಿರಲಿಲ್ಲ ನೀನು’ ಎಂದರು. ಡಿಕ್ಕಿಯಲ್ಲಿ ಬ್ಯಾಗಿಡುವಾಗ ಸಿಲಿಂಡರಿನ ಬೋಲ್ಟಿನ ತೂತು ಕಂಡಿತ್ತಂತೆ.