ಒಪ್ಪಂದ ಕೃಷಿ: ರೈತನ ನಿರ್ಧಾರದ ಹಿಂದಿನ ನಷ್ಟಭಯ

ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ಒಂದಷ್ಟು ಜಮೀನಿದೆ; ಅದನ್ನು ನೋಡಿಕೊಳ್ಳುವ ಅಣ್ಣನೋ ಚಿಕ್ಕಪ್ಪನೋ ಇದ್ದಾರೆ. ‘ಕಂಪನಿಯವರು ಬಂದಿದ್ದಾರೆ, ಒಪ್ಪಂದಕ್ಕೆ ಸಹಿ ಹಾಕಬಹುದೇ?’ ಎಂದು ಅವರು ಕೇಳಿದಾಗ, ಬೆಲೆ ಮೊದಲೇ ನಿಗದಿಯಾದ ಮೇಲೆ ಯೋಚನೆ ಏಕೆ ಎಂದು ನಾವು ಉತ್ತರಿಸುವುದುಂಟು. ಆದರೆ ರೈತನ ಹಿಂಜರಿಕೆ ಅಜ್ಞಾನದ ಫಲವಲ್ಲ. ಅದಕ್ಕೆ ತನ್ನದೇ ಆದ ತರ್ಕವಿದೆ.

ಒಪ್ಪಂದ ಕೃಷಿಗೆ ಕರ್ನಾಟಕದ ಪ್ರಮುಖ ನಿದರ್ಶನ ಮಿಡಿಸೌತೆ. 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ಮೊದಲ್ಗೊಂಡ ಈ ರಫ್ತು ಬೆಳೆ ಅನಂತರ ನೆರೆರಾಜ್ಯಗಳಿಗೂ ಹಬ್ಬಿತು. ಕೇಂದ್ರ ವಾಣಿಜ್ಯ ಸಚಿವಾಲಯವು 2022ರ ಜನವರಿಯಲ್ಲಿ ನೀಡಿದ ಮಾಹಿತಿಯಂತೆ, ದೇಶದಲ್ಲಿ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು 65,000 ಎಕರೆಗಳಲ್ಲಿ ಒಪ್ಪಂದದ ಮೇರೆಗೆ ಇದನ್ನು ಬೆಳೆಯುತ್ತಿದ್ದರು. ಕಂಪನಿಯು ಬೀಜ, ಗೊಬ್ಬರ, ಔಷಧಿಗಳನ್ನು ಸಾಲವಾಗಿ ಒದಗಿಸಿ, ನಿಗದಿತ ಬೆಲೆಗೆ ಕಾಯಿ ಕೊಂಡು, ಸಾಲವನ್ನು ಮುರಿದುಕೊಳ್ಳುತ್ತದೆ. ಸುಮಾರು 90 ದಿನಗಳ ಈ ಬೆಳೆಯಲ್ಲಿ ಎಳೆಯ, ಚಿಕ್ಕ ಕಾಯಿಗೇ ಹೆಚ್ಚು ಬೆಲೆ. ಕೊಯ್ಲು ತಡವಾದರೆ ಕಾಯಿ ಬಲಿತು ದರ್ಜೆ ಇಳಿಯುತ್ತದೆ. ತಿರಸ್ಕೃತವಾದ ಕಾಯಿಗೆ ಊರ ಸಂತೆಯಲ್ಲಿ ಹೇಳಿಕೊಳ್ಳುವಂಥ ಗಿರಾಕಿಯಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಪ್ಪಂದವು ಅಪಾಯವನ್ನು ಅಳಿಸುವುದಿಲ್ಲ, ಅದರ ಸ್ವರೂಪವನ್ನು ಬದಲಿಸುತ್ತದೆ. ಬೆಲೆಕುಸಿತದ ಭಯ ತಗ್ಗುತ್ತದೆ. ಮಳೆ, ರೋಗಗಳ ಭಯ ಬಹುಮಟ್ಟಿಗೆ ರೈತನಲ್ಲೇ ಉಳಿಯುತ್ತದೆ. ತಿರಸ್ಕಾರ, ಪಾವತಿಯ ವಿಳಂಬ, ತೀರದ ಸಾಲ ಎಂಬ ಹೊಸ ಭಯಗಳು ಸೇರಿಕೊಳ್ಳುತ್ತವೆ. ಟೊಮ್ಯಾಟೊ ಬೆಳೆದು ಬೆಲೆಯಿಲ್ಲದೆ ರಸ್ತೆಬದಿಗೆ ಸುರಿದವನಿಗೆ ಒಪ್ಪಂದ ಆಸರೆಯಾಗಿ ಕಾಣುತ್ತದೆ. ಸಾಲದಲ್ಲಿ ಬೆಂದವನಿಗೆ ಅದೇ ಒಪ್ಪಂದ ಉರುಳಾಗಿ ಕಾಣುತ್ತದೆ. ಇಬ್ಬರೂ ನಷ್ಟಕ್ಕೆ ಅಂಜುವವರೇ. ಯಾವ ನಷ್ಟಕ್ಕೆ ಎಂಬುದರಲ್ಲಿ ಮಾತ್ರ ಭೇದ.

ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಗ್ರಾಮ ಅಧ್ಯಯನಗಳ ಭಾಗವಾಗಿ ಅರ್ಥಶಾಸ್ತ್ರಜ್ಞ ಹಾನ್ಸ್ ಬಿನ್ಸ್‌ವಾಂಗರ್ ಅವರು ನಿಜವಾದ ಹಣವನ್ನೇ ಪಣವಾಗಿಟ್ಟು ರೈತರ ಮನೋಧರ್ಮವನ್ನು ಅಳೆದರು. 1980ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ಪಣದ ಮೊತ್ತ ದೊಡ್ಡದಾದಾಗ ಬಹುತೇಕ ಎಲ್ಲರೂ ಮಧ್ಯಮ ಪ್ರಮಾಣದ ಎಚ್ಚರಿಕೆಯನ್ನೇ ತೋರಿದರು; ಬಡವ ಬಲ್ಲಿದರೆಂಬ ಅಂತರ ಅಷ್ಟಾಗಿ ಕಾಣಲಿಲ್ಲ. ಅಂದರೆ ಬಡರೈತನು ಹುಟ್ಟಾ ಅಂಜುಬುರುಕನಲ್ಲ. ಸುಲಭ ಸಾಲ, ನೀರು, ಉಳಿತಾಯಗಳ ಅಭಾವವೇ ಅವನ ಕೈಯನ್ನು ಕಟ್ಟುತ್ತದೆ. ಆದುದರಿಂದಲೇ ಒಂದೆರಡು ಎಕರೆಯವನು ಅರ್ಧ ಎಕರೆಗಷ್ಟೇ ಒಪ್ಪಂದ ಮಾಡಿಕೊಂಡು, ಉಳಿದುದರಲ್ಲಿ ಮನೆಗೆ ಬೇಕಾದ ರಾಗಿ ಬಿತ್ತುವುದು ವಿವೇಕದ ನಡೆ.

ನಂಬಿಕೆಯ ಪ್ರಶ್ನೆಯೂ ಇದೆ. 2020ರ ಕೇಂದ್ರದ ಒಪ್ಪಂದ ಕೃಷಿ ಕಾಯಿದೆಯು ರೈತನ ಭೂಮಿಯ ಮೇಲೆ ಕಂಪನಿಗೆ ಹಕ್ಕಿಲ್ಲವೆಂದು ಸಾರಿತ್ತಾದರೂ, ವ್ಯಾಜ್ಯಗಳನ್ನು ಸಿವಿಲ್ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟು ಉಪವಿಭಾಗಾಧಿಕಾರಿಗೆ ಒಪ್ಪಿಸಿತ್ತು. ಬಲಾಢ್ಯರ ಎದುರು ನಮ್ಮ ಮಾತು ಕೇಳುವವರಾರು ಎಂಬ ಆತಂಕ ರೈತ ಹೋರಾಟದಲ್ಲಿ ದನಿ ಪಡೆಯಿತು. 2021ರಲ್ಲಿ ಕಾಯಿದೆ ರದ್ದಾಯಿತು.

ಊರಿನಿಂದ ಕರೆ ಬಂದಾಗ ನಾವು ನೀಡಬಹುದಾದ ನೆರವೆಂದರೆ ಕೆಲವು ಪ್ರಶ್ನೆಗಳನ್ನು ನೆನಪಿಸುವುದು. ದರ್ಜೆ ನಿರ್ಧಾರ ಯಾರ ಸಮ್ಮುಖದಲ್ಲಿ? ಹಣ ಎಷ್ಟು ದಿನಗಳಲ್ಲಿ? ಬೆಳೆ ಕೈಕೊಟ್ಟರೆ ಬೀಜ, ಗೊಬ್ಬರಗಳ ಸಾಲ ಯಾರ ತಲೆಗೆ? ಒಪ್ಪಂದದ ಪ್ರತಿ ಕನ್ನಡದಲ್ಲಿದ್ದು ಕೈಗೆ ಸಿಗುವುದೇ? ಇವಕ್ಕೆ ಸ್ಪಷ್ಟ ಉತ್ತರ ದೊರೆತರೆ ಸಹಿ ಹಾಕಬಹುದು. ದೊರೆಯದಿದ್ದರೆ, ಹಿಂಜರಿಯುವ ಅಣ್ಣನ ಲೆಕ್ಕವೇ ಸರಿ.