ಲಂಬ ಸಂಕೇತಗಳೂ ಕಾಲಸಾಮ್ಯವೂ

ರೋಣದ ಪೇಟೆಯಲ್ಲಿರುವ ಒಬ್ಬರೂ ಊರಾಚೆಯ ಎರೆಹೊಲದಲ್ಲಿರುವ ಇನ್ನೊಬ್ಬರೂ ಒಂದೇ ಟವರಿನ ಮೂಲಕ, ಒಂದೇ ತರಂಗಪಟ್ಟಿಯಲ್ಲಿ, ಏಕಕಾಲಕ್ಕೆ ಮೊಬೈಲಿನಲ್ಲಿ ಮಾತನಾಡುವರೆಂದು ಭಾವಿಸೋಣ. ಆ ಮಾತುಗಳು ಒಂದರೊಳಗೊಂದು ಕಲಸಿಹೋಗದಿರುವುದು ಹೇಗೆ? ಸಿ.ಡಿ.ಎಂ.ಎ. ಎಂಬ ಸಂಕೇತವಿಭಜನ ಪದ್ಧತಿಯು ಇದಕ್ಕೆ ಕೊಟ್ಟ ಉತ್ತರವನ್ನೂ ಆ ಉತ್ತರದ ಮೇರೆಯನ್ನೂ ಇಲ್ಲಿ ವಿವೇಚಿಸುವೆವು. ಭಾರತದಲ್ಲಿ ರಿಲಯನ್ಸ್ ಸಂಸ್ಥೆಯು 2002ರ ಡಿಸೆಂಬರಿನಲ್ಲಿ ಈ ಪದ್ಧತಿಯ ಸೇವೆಯನ್ನು ಆರಂಭಿಸಿತ್ತು. ಆ ಸೇವೆ ಈಗ ನಿಂತುಹೋಗಿದೆ. ಅದರ ತತ್ತ್ವವು ಇಂದಿಗೂ ಅಭ್ಯಾಸಯೋಗ್ಯವಾಗಿದೆ.

ಪೇಟೆಯವರಿಗೆ ಕ = (+1, +1, −1, −1), ಹೊಲದವರಿಗೆ ಚ = (+1, −1, −1, +1) ಎಂಬ ಸಂಕೇತಗಳನ್ನು ಕೊಡೋಣ. ಇವೆರಡನ್ನು ಸ್ಥಾನಕ್ಕೆ ಸ್ಥಾನ ಗುಣಿಸಿ ಕೂಡಿದರೆ ಸೊನ್ನೆ ಬರುವುದು. ಇಂಥವನ್ನು ಪರಸ್ಪರ ಲಂಬ ಸಂಕೇತಗಳೆನ್ನುವೆವು. ಟವರು ಮೊದಲನೆಯವರಿಗೆ +1ನ್ನೂ ಎರಡನೆಯವರಿಗೆ −1ನ್ನೂ ಕಳುಹಿಸಿದರೆ, ಅವು ಬೆರೆತು (0, +2, 0, −2) ಆಗುವುವು. ಈ ಮಿಶ್ರಣವನ್ನು ಕ ಸಂಕೇತದಿಂದ ಗುಣಿಸಿ ಕೂಡಿದರೆ +4, ಚ ಸಂಕೇತದಿಂದ −4. ನಾಲ್ಕರಿಂದ ಭಾಗಿಸಲು ಅವರವರ ಅಂಕಿ ಅವರವರಿಗೆ ದೊರೆಯಿತು.

ಇಂಥ ಸಂಕೇತಗಳ ಗಣಿತವು ಮೊಬೈಲಿಗಿಂತ ಬಹಳ ಹಳೆಯದು. ಹದಮಾರ್ ಅವರ ಮಾತೃಕೆಗಳು 1893ರವು, ವಾಲ್ಷ್ ಅವರ ಫಲನಗಳು 1923ರವು. ಐ.ಎಸ್.-95 ಎಂಬ ಮಾನಕದಲ್ಲಿ ಟವರು ಬಳಸಿದುದು 64 ಅಂಶಗಳುಳ್ಳ 64 ವಾಲ್ಷ್ ಸಂಕೇತಗಳನ್ನು. ಸೆಕೆಂಡಿಗೆ 12,28,800 ಅಂಶಗಳು ಹೊರಡುತ್ತಿದ್ದುವು.

ಆದರೆ ಲಂಬತೆಯು ಸಂಕೇತದ ಗುಣವಷ್ಟೇ ಅಲ್ಲ, ಕಾಲದ ಗುಣವೂ ಹೌದು. ಹೊಲದಿಂದ ಒಂದೇ ಅಂಕಿಯನ್ನು ಹೊತ್ತು ಎಡೆಬಿಡದೆ ಬರುತ್ತಿರುವ ಚ ಸಂಕೇತವು ಒಂದಂಶದಷ್ಟು ತಡವಾದರೆ (+1, +1, −1, −1) ಆಗುವುದು. ಇದು ಕ ಸಂಕೇತವೇ ಅಲ್ಲವೇ! ಸೊನ್ನೆಯಾಗಬೇಕಾದಲ್ಲಿ ಪೂರ್ಣ ಗೊಂದಲವು ಉಂಟಾಯಿತು. ಒಂದಂಶದ ಅವಧಿ ಸುಮಾರು 0.81 ಮೈಕ್ರೋಸೆಕೆಂಡು, ಅಷ್ಟರಲ್ಲಿ ರೇಡಿಯೋ ಅಲೆಯು ಸಾಗುವುದು ಸುಮಾರು 244 ಮೀಟರು. ಪೇಟೆಗೂ ಹೊಲಕ್ಕೂ ಇದಕ್ಕಿಂತ ಹೆಚ್ಚು ಅಂತರವಿರುವುದು ಸಹಜವೇ.

ಟವರಿನಿಂದ ಹೊರಡುವ ಸಂಕೇತಗಳೆಲ್ಲ ಒಂದೇ ಕ್ಷಣದಲ್ಲಿ ಹೊರಟು ಜೊತೆಯಾಗಿಯೇ ಸಾಗುವುದರಿಂದ ಅಲ್ಲಿ ಲಂಬತೆ ಉಳಿಯುವುದು. ಬೇರೆ ಬೇರೆ ದೂರಗಳಿಂದ ಟವರಿಗೆ ಬರುವ ಅಲೆಗಳಿಗೆ ಆ ಕಾಲಸಾಮ್ಯವಿಲ್ಲ. ಆದಕಾರಣ ಆ ದಿಕ್ಕಿನಲ್ಲಿ ಬಳಕೆದಾರರನ್ನು ಬೇರ್ಪಡಿಸಲು ವಾಲ್ಷ್ ಸಂಕೇತಗಳನ್ನು ನೆಚ್ಚದೆ, ಯಾದೃಚ್ಛಿಕವೆಂಬಂತೆ ತೋರುವ ಅತಿ ದೀರ್ಘ ಸಂಕೇತವನ್ನು ಆಶ್ರಯಿಸಿದರು. ಹತ್ತಿರದ ಫೋನು ದೂರದ ಫೋನಿನ ದನಿಯನ್ನು ಅಡಗಿಸದಂತೆ ಅದರ ಶಕ್ತಿಯನ್ನು ಸೆಕೆಂಡಿಗೆ 800 ಬಾರಿ ತಿದ್ದುತ್ತಿದ್ದರು.

ವಿದ್ಯಾರ್ಥಿಗಳು ಕಾಗದದ ಮೇಲೆ ಸೊನ್ನೆಯನ್ನು ಕಂಡಾಗ, ಅದು ಯಾವ ಕಾಲನಿಯಮದಲ್ಲಿ ಸೊನ್ನೆಯೆಂಬುದನ್ನೂ ಕೇಳಿಕೊಳ್ಳಬೇಕೆಂಬುದೇ ನಮ್ಮ ಆಶಯ.