ಕಿಟಕಿಯ ಪರದೆ ಮತ್ತು ಪಡುವಣ ಬಿಸಿಲು

ಕಳೆದ ಬೇಸಗೆಯ ಮೊದಲಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಬಂದು ಒಂದು ಸಂದೇಹವನ್ನು ಮುಂದಿಟ್ಟಳು. ಅವಳ ಮನೆ ನಾಗಸಂದ್ರದಲ್ಲಿ, ಎರಡನೆಯ ಅಂತಸ್ತಿನಲ್ಲಿ. ಅವಳು ಓದುವ ಕೋಣೆಗೆ ಇರುವುದು ಒಂದೇ ಕಿಟಕಿ. ಅದೂ ಪಡುವಣ ದಿಕ್ಕಿಗೆ. ಪರೀಕ್ಷೆ ಹತ್ತಿರವಾಗಿತ್ತು; ಮಧ್ಯಾಹ್ನ ಮೂರು ಗಂಟೆಯ ಮೇಲೆ ಆ ಕೋಣೆಯಲ್ಲಿ ಕುಳಿತಿರುವುದೇ ಕಷ್ಟವಾಗಿತ್ತು. ಅವಳ ತಂದೆ ಒಳ್ಳೆಯ ಬೆಲೆ ಕೊಟ್ಟು ದಪ್ಪನೆಯ ಕಂದುಗೆಂಪು ಪರದೆಯನ್ನು ತಂದು ತೂಗುಹಾಕಿದರು. ಕೋಣೆ ಕತ್ತಲಾಯಿತು, ಹಗಲಿನಲ್ಲಿಯೇ ದೀಪ ಹೊತ್ತಿಸಬೇಕಾಯಿತು, ಸೆಕೆ ಮಾತ್ರ ಹೆಚ್ಚು ಕಡಮೆ ಹಾಗೆಯೇ ಉಳಿಯಿತು. "ಬೆಳಕೇ ಒಳಗೆ ಬರದ ಮೇಲೆ ಶಾಖ ಎಲ್ಲಿಂದ ಬಂತು, ಸಾರ್?" ಎಂಬುದು ಅವಳ ಪ್ರಶ್ನೆ.

ಪ್ರಶ್ನೆ ಯೋಗ್ಯವಾದುದೇ. ಮೊದಲು ಆ ಕಿಟಕಿಗೆ ಬೀಳುವ ಬಿಸಿಲೆಷ್ಟೆಂಬುದನ್ನು ಲೆಕ್ಕ ಹಾಕೋಣ. ಮಾರ್ಚ್ ತಿಂಗಳ ಕೊನೆಯಲ್ಲಿ, ಸಂಜೆ ನಾಲ್ಕೂವರೆಯ ಸುಮಾರಿಗೆ, ಬೆಂಗಳೂರಿನಲ್ಲಿ ಸೂರ್ಯನು ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ನಿರ್ಮಲವಾದ ಆಕಾಶವಿದ್ದರೆ ಪಡುವಣ ಗೋಡೆಯ ಪ್ರತಿ ಚದರ ಮೀಟರಿಗೂ ಸುಮಾರು 600 ವಾಟ್ ಶಕ್ತಿ ಬೀಳುತ್ತದೆ. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಕಿಟಕಿಯ ಗಾಜಿನಿಂದ ಒಳಗೆ ನುಗ್ಗುವುದು ಸರಿಸುಮಾರು 700 ವಾಟ್. ಅಂದರೆ ಕೋಣೆಯ ನಡುವೆ ಒಂದು ಇಸ್ತ್ರಿಪೆಟ್ಟಿಗೆಯನ್ನು ಕಾಯಿಸಿ ಇಟ್ಟಂತೆ. ಕಿಟಕಿಯ ಮೇಲೆ ಸಜ್ಜವಿದೆಯಲ್ಲವೇ ಎಂದು ವಾಚಕರು ಕೇಳಬಹುದು. ಎರಡಡಿಯ ಸಜ್ಜವು ಈ ಓರೆಬಿಸಿಲಿಗೆ ಕಿಟಕಿಯ ಮೇಲ್ಭಾಗದ ಒಂದಡಿಗಿಂತ ಸ್ವಲ್ಪ ಹೆಚ್ಚು ನೆರಳನ್ನು ಮಾತ್ರ ಕೊಡಬಲ್ಲದು.

ಈಗ ಪರದೆಯ ವಿಚಾರ. ಕಡುಬಣ್ಣದ ಬಟ್ಟೆ ಬಿಸಿಲನ್ನು ತಡೆಯುತ್ತದೆಂದರೆ ಅದನ್ನು ನಾಶಮಾಡುತ್ತದೆ ಎಂದಲ್ಲ, ಹೀರಿಕೊಳ್ಳುತ್ತದೆ ಎಂದೇ ಅರ್ಥ. ಹೀರಿದ ಬಟ್ಟೆ ಕಾಯುತ್ತದೆ. ಕಾದ ಬಟ್ಟೆ ತಾನೂ ವಿಕಿರಣವನ್ನು ಹೊರಸೂಸುತ್ತದೆ. ಆದರೆ ಸೂರ್ಯನ ಬೆಳಕಿನಂತೆ ಕಿರಿದಾದ ತರಂಗದೂರದಲ್ಲಲ್ಲ, ಅದರ ಹತ್ತಿಪ್ಪತ್ತು ಪಾಲು ಉದ್ದವಾದ ಅವಕೆಂಪು ಕಿರಣಗಳಲ್ಲಿ. ಬೆಳಕನ್ನು ಸಲೀಸಾಗಿ ಒಳಗೆ ಬಿಟ್ಟ ಗಾಜು ಈ ಕಿರಣಗಳನ್ನು ನೇರವಾಗಿ ಹೊರಗೆ ಬಿಡುವುದಿಲ್ಲ. ಇದಿಷ್ಟೇ ಕಾರಣವೆಂದು ಅನೇಕ ಪುಸ್ತಕಗಳು ಹೇಳುವುದುಂಟು. ನಾವೂ ಹಿಂದೆ ಹಾಗೆಯೇ ಪಾಠ ಹೇಳಿದ್ದೇವೆ. ಆದರೆ 1909ರಲ್ಲಿಯೇ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಅವರು, ಅವಕೆಂಪು ಕಿರಣಗಳನ್ನು ಹಾಯಗೊಡುವ ಕಲ್ಲುಪ್ಪಿನ ಫಲಕವನ್ನು ಮುಚ್ಚಿದ ಪೆಟ್ಟಿಗೆಯೂ ಗಾಜು ಮುಚ್ಚಿದ ಪೆಟ್ಟಿಗೆಯೂ ಹೆಚ್ಚು ಕಡಮೆ ಒಂದೇ ಸಮನೆ ಕಾಯುವುದನ್ನು ತೋರಿಸಿದರು. ಬೆಚ್ಚಗಾದ ಗಾಳಿ ಹೊರಹೋಗಲಾರದೆ ಸಿಕ್ಕಿಕೊಳ್ಳುವುದೇ ಅಲ್ಲಿ ಮುಖ್ಯ. ನಮ್ಮ ಕೋಣೆಯಲ್ಲಿಯೂ ಹಾಗೆಯೇ. ಗಾಜಿಗೂ ಪರದೆಗೂ ನಡುವಿನ ಗಾಳಿ ಕಾದು ಮೇಲೇರಿ ಪರದೆಯ ತಲೆಯ ಮೇಲಿನಿಂದ ಕೋಣೆಯೊಳಕ್ಕೆ ಹರಿಯುತ್ತದೆ. ಸಂದೇಹವಿದ್ದವರು ಸಂಜೆ ನಾಲ್ಕು ಗಂಟೆಗೆ ಆ ಸಂದಿನಲ್ಲಿ ಕೈಯಿಟ್ಟು ನೋಡಲಿ.

ಆದುದರಿಂದ ಪರದೆ ಎಷ್ಟು ದಪ್ಪ ಎಂಬುದಕ್ಕಿಂತ ಅದು ಗಾಜಿನ ಯಾವ ಮಗ್ಗುಲಿನಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ. ಹೊರಗಿದ್ದರೆ ಅದು ಕಾಯುವುದು ಬೀದಿಯ ಗಾಳಿಯಲ್ಲಿ, ಒಳಗಿದ್ದರೆ ನಮ್ಮ ಗಾಳಿಯಲ್ಲಿ.

ಸ್ವೀಡನ್ ಮೂಲದ ಐಕಿಯಾ ಸಂಸ್ಥೆಯ ದೊಡ್ಡ ಮಳಿಗೆ 2022ರಲ್ಲಿ ನಾಗಸಂದ್ರದಲ್ಲಿಯೇ, ಮೆಟ್ರೋ ನಿಲ್ದಾಣದ ಪಕ್ಕದಲ್ಲಿ ತೆರೆಯಿತು. ಪರದೆಗಳನ್ನು ನೋಡಲು ಹೋಗುವವರು ಬಹಳ. ಆ ದೇಶದ ರಾಜಧಾನಿ ಸ್ಟಾಕ್‌ಹೋಮ್ 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಅಲ್ಲಿ ಸೂರ್ಯ ಏರುವುದು ಸುಮಾರು 7 ಡಿಗ್ರಿ ಮಾತ್ರ. ನಮ್ಮಲ್ಲಿ 53 ಡಿಗ್ರಿಗೂ ಮೇಲೆ. ಚಳಿಗಾಲದ ರಾತ್ರಿಯಲ್ಲಿ ಕೋಣೆಯ ಶಾಖ ಸೋರದಂತೆ ಕಾಯಲು ಒಳಗಿನ ದಪ್ಪ ಪರದೆಯೇ ಅಂಥ ನಾಡಿಗೆ ತಕ್ಕದ್ದು. 13 ಡಿಗ್ರಿಯಲ್ಲಿರುವ ನಮಗೆ ಬೇಕಾದುದು ಅದಕ್ಕೆ ವಿರುದ್ಧವಾದದ್ದು.

ನಮ್ಮ ಹಿಂದಿನವರಿಗೆ ಇದು ತಿಳಿಯದ ವಿಷಯವೇನೂ ಅಲ್ಲ. ಹಳೆಯ ಬೆಂಗಳೂರಿನ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಚೂಪು ತಲೆಯ ಮುಸುಕುಗಳನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಅವಕ್ಕೆ 'ಮಂಕಿ ಟಾಪ್' ಎಂದು ಹೆಸರು. ಅವು ಗೋಡೆಯಿಂದ ಹೊರಚಾಚಿ ನಿಂತು ಬಿಸಿಲನ್ನು ತಡೆಯುತ್ತವೆ. ಪಟ್ಟಿಗಳ ಸಂದಿನಿಂದ ಗಾಳಿಯನ್ನು ಬಿಡುತ್ತವೆ. ಇನ್ನು ಲಾವಂಚದ ತಟ್ಟಿಯ ಕೆಲಸ ಮತ್ತೂ ಸೊಗಸಾದುದು. ಒಂದು ಲೀಟರ್ ನೀರು ಒಂದು ಗಂಟೆಯಲ್ಲಿ ಆವಿಯಾದರೆ ಅದು ಹೀರುವ ಶಾಖ ಸುಮಾರು 670 ವಾಟ್‌ಗೆ ಸಮ. ನಮ್ಮ ಕಿಟಕಿಯ ಇಸ್ತ್ರಿಪೆಟ್ಟಿಗೆ ಬಹುಪಾಲು ಅಲ್ಲಿಗೆ ಆರಿತು! ಮಾರ್ಚಿಯ ಒಣಗಾಳಿಯಲ್ಲಿ ಇದು ನಡೆಯುತ್ತದೆ. ಮಳೆಗಾಲದ ತೇವದಲ್ಲಿ ನಡೆಯದು.

ಉಳಿದ ದಿಕ್ಕುಗಳಿಗೆ ಇಷ್ಟು ಚಿಂತೆ ಬೇಡ. ಬೇಸಗೆಯ ನಡುಹಗಲಿನಲ್ಲಿ ತೆಂಕಣ ಕಿಟಕಿಗೆ ಸಜ್ಜವೇ ಸಾಕು. ತೆಳುಬಟ್ಟೆ ಮರೆಗಾಗಿ ಮಾತ್ರ. ಮೂಡಣ ಬಿಸಿಲೂ ಓರೆಯೇ, ಆದರೆ ಬೆಳಗಿನ ಗಾಳಿ ತಂಪಾಗಿರುತ್ತದೆ. ಬಡಗಣ ಕಿಟಕಿಗೆ ಬಿಸಿಲೇ ಇಲ್ಲವೆಂಬುದು ತಪ್ಪು: ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ.

ಹುಡುಗಿಗೆ ನಾವು ಹೇಳಿದುದು ಹೊರಗೆ ಬಿದಿರಿನ ತಟ್ಟಿಯನ್ನು ಇಳಿಬಿಡಬೇಕೆಂದು. ಮನೆಯ ಯಜಮಾನರು ಹೊರಗೋಡೆಗೆ ಮೊಳೆ ಹೊಡೆಯಗೊಡಲಿಲ್ಲ. ಬಾಡಿಗೆ ಮನೆಯ ಭೌತವಿಜ್ಞಾನದಲ್ಲಿ ಈ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದುದರಿಂದ ಮೊದಲು ಅವಳ ತಾಯಿ ತಂದೆಯವರ ಹಳೆಯ ಬಿಳಿಯ ಪಂಚೆಯೊಂದನ್ನು ಪರದೆಯ ಬೆನ್ನಿಗೆ, ಗಾಜಿನ ಕಡೆಗೆ, ಹೊಲಿದರು. ಬಿಳಿಯ ಬಟ್ಟೆ ಬೆಳಕನ್ನು ಬೆಳಕಾಗಿಯೇ ಪ್ರತಿಫಲಿಸುವುದರಿಂದ ಅದರಲ್ಲಿ ಬಹುಪಾಲು ಗಾಜಿನಿಂದ ಹಿಂದಿರುಗಿ ಹೊರಹೋಗುತ್ತದೆ. ಪರದೆಯ ಕಂದುಗೆಂಪು ಬಣ್ಣ ಮಾಸುವುದೂ ನಿಧಾನವಾಗುತ್ತದೆ. ಸೆಕೆ ಸ್ವಲ್ಪ ಇಳಿಯಿತೆಂದು ಅವಳು ಹೇಳಿದಳು. ಹತ್ತು ದಿನಗಳ ಮೇಲೆ ಯಜಮಾನರು ಒಪ್ಪಿದರು. ಬಣ್ಣ ಬಳಿಯಲು ಬಂದವನಿಂದ ಸಜ್ಜದ ಅಡಿಗೆ ಎರಡು ಕೊಕ್ಕೆಗಳನ್ನು ಹಾಕಿಸಿ ತಟ್ಟಿ ಕಟ್ಟಿದುದಾಯಿತು. ಈಗ ಗಾಜನ್ನು ಸರಿಸಿಟ್ಟು ಓದಬಹುದು. ತಟ್ಟಿಯ ಸಂದಿನಿಂದ ಪುಸ್ತಕಕ್ಕೆ ಸಾಕಾಗುವಷ್ಟು ಬೆಳಕೂ ಬರುತ್ತದೆ. ಗಾಳಿ ಬೀಸಿದಾಗ ತಟ್ಟಿ ಗೋಡೆಗೆ ಬಡಿಯುತ್ತದೆ ಎಂಬುದೊಂದೇ ಅವಳ ದೂರು. ಕೆಳಗಿನ ಎರಡು ಮೂಲೆಗಳನ್ನು ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿಯಲು ಹೇಳಿದ್ದೇವೆ.